ಆಗಸ್ಟ್ ತಿಂಗಳ ಬಸಳೆ

ಊಟದ ತಟ್ಟೆ ಎದುರಿಗೆ ಬಂದರೆ ಅವರು ತಕ್ಷಣ ಕೈ ಹಾಕುತ್ತಿರಲಿಲ್ಲ. ಮೊದಲು ಪಾಲು ಮಾಡಬೇಕು. ತೋರುಬೆರಳಿನಿಂದ ತಟ್ಟೆಯ ಮೇಲೆ ಗಾಳಿಯಲ್ಲೇ ಒಂದು ಗೆರೆ ಎಳೆದು, ಈ ಕಡೆಯದ್ದು ಇಲ್ಲಿ ಬೆಳೆದದ್ದು, ಆ ಕಡೆಯದ್ದು ಹಡಗಿನಲ್ಲೋ ವಿಮಾನದಲ್ಲೋ ಬಂದದ್ದು ಎಂದು ಲೆಕ್ಕ ಹೇಳಿ ಆಮೇಲೆ ಊಟ. ದೋಹಾದ ನಜ್ಮಾ ಬಡಾವಣೆಯ ಕೆಫೆಟೇರಿಯಾದಲ್ಲಿ ಚಹಾ ಕುಡಿಯುವಾಗಲೂ ಅದೇ ಕಥೆ. ಹಾಲು ಈಗೀಗ ಇಲ್ಲಿಯದೇ, ನೀರು ಸಮುದ್ರದ್ದು, ಉಪ್ಪು ತೆಗೆದದ್ದು, ಆದರೂ ಇಲ್ಲಿಯದೇ. ಚಹಾಪುಡಿ ಹೊರಗಿನದು, ಸಕ್ಕರೆ ಹೊರಗಿನದು, ಏಲಕ್ಕಿಯಂತೂ ಹೇಳುವುದೇ ಬೇಡ. ಅರ್ಧ ಚಹಾ ನಮ್ಮದಾಯಿತು ಎಂದು ಸಂತೋಷಪಟ್ಟು ಲೋಟ ಎತ್ತುತ್ತಿದ್ದರು. ಮಂಗಳೂರು ಕಡೆಯ ಈ ಮನುಷ್ಯ ಕತಾರಿನ ಹಾಲನ್ನು 'ನಮ್ಮದು' ಎನ್ನುವುದು ಕೇಳಿ ನನಗೆ ಮೊದಮೊದಲು ನಗು ಬರುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಫೋಟೋ ತೆಗೆಯಲು ಹೋದರೆ ಟೊಮೆಟೊ ಗಿಡದ ಹಿಂದೆ ಹೋಗಿ ನಿಲ್ಲುವ ಜಾತಿ. ತೋಟದ ಬಾಂಗ್ಲಾ, ನೇಪಾಳಿ ಹುಡುಗರಿಗೆಲ್ಲ ಅವರು 'ದಾದಾ'. ದೋಹಾದ ತುಳುವರಿಗೆ 'ಅಣ್ಣೆರ್'. ನಾನು ಮೈಸೂರಿನವನು, ನನಗೆ ಮೊದಲ ಆರು ತಿಂಗಳು 'ಸರ್', ಆಮೇಲೆ ಬರೀ 'ಅಣ್ಣ'. ಅವರು ಮಾತ್ರ ನನ್ನನ್ನು ಕೊನೆಯವರೆಗೂ 'ಮೈಸೂರಿನವ್ರೆ' ಎಂದೇ ಕರೆದರು, ನಾನೇ ಇಡೀ ಮೈಸೂರಿನ ಪರವಾಗಿ ಉತ್ತರ ಕೊಡಬೇಕಾದವನು ಎಂಬಂತೆ.

ದೋಹಾದಿಂದ ಉತ್ತರಕ್ಕೆ ಒಂದು ಗಂಟೆ ಗಾಡಿ ಓಡಿಸಿದರೆ ಸಿಗುವ ಒಂದು ತೋಟಕ್ಕೆ ಅವರು ಸೂಪರ್‌ವೈಸರ್. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ತೋಟ, ಒಬ್ಬನೇ ಅರ್ಬಾಬ್. ಅರ್ಬಾಬ್ ಎಂದರೆ ಯಜಮಾನ. ಈ ಊರಿನಲ್ಲಿ ಕೂಲಿಯವನಿಂದ ಹಿಡಿದು ಮ್ಯಾನೇಜರಿನವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು. ಗಿಡ್ಡ ಆಳು, ತಲೆಗೆ ಯಾವುದೋ ಗೊಬ್ಬರದ ಕಂಪನಿ ಕೊಟ್ಟ ಟೋಪಿ, ಸೊಂಟದಲ್ಲಿ ಬಾಗಿದ ಸಣ್ಣ ಕತ್ತಿ. ಹೊಸ ಮಣ್ಣು ಕಂಡರೆ ಒಂದು ಚಿಟಿಕೆ ಎತ್ತಿ ನಾಲಗೆಯ ತುದಿಗೆ ಇಡುತ್ತಿದ್ದರು. ಉಪ್ಪು ಎಷ್ಟಿದೆ ಎಂದು ನೋಡುವುದಂತೆ. ಅದಕ್ಕೆ ಮೀಟರ್ ಇದೆಯಲ್ಲ ಅಣ್ಣ ಎಂದರೆ, ಮೀಟರು ಚಾರ್ಜ್ ಮಾಡಬೇಕು, ನಾಲಗೆಗೆ ಅದು ಬೇಡ ಎನ್ನುತ್ತಿದ್ದರು.

ಅವರ ಪರಿಚಯವಾದದ್ದು ನೆರೆಯ ದೇಶದವರು ಜಗಳವಾಡಿ ಕತಾರಿನ ನೆಲದ ಗಡಿ ಮುಚ್ಚಿದ ವರ್ಷ. ಅಲ್ಲಿಯವರೆಗೆ ಲಾರಿಗಳಲ್ಲಿ ಬರುತ್ತಿದ್ದ ತರಕಾರಿ, ಹಾಲು, ಕೋಳಿ ಒಂದೇ ದಿನ ನಿಂತವು. ನಾನು ಒಂದು ಸೂಪರ್‌ಮಾರ್ಕೆಟ್ ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೆ, ಈಗಲೂ ಇದ್ದೇನೆ. ಮುಶೈರಿಬ್‌ನ ಆಫೀಸಿನಲ್ಲಿ ಮೀಟಿಂಗಿನ ಮೇಲೆ ಮೀಟಿಂಗು. ಈ ದೇಶ ತಾನೇ ಬೆಳೆದುಕೊಳ್ಳಬಹುದಾದ್ದು ಏನು, ಬೆಳೆಯಲಾಗದ್ದು ಏನು, ಪಟ್ಟಿ ಮಾಡು ಎಂದು ಮ್ಯಾನೇಜರ್ ನನಗೆ ಹೇಳಿದರು. ಎಸಿ ರೂಮಿನಲ್ಲಿ ಕೂತು, ಇಂಟರ್ನೆಟ್ ಜಾಲಾಡಿ, ಎರಡು ಕಾಲಮ್ಮಿನ ಅಂದವಾದ ಪಟ್ಟಿ ಮಾಡಿದೆ. ಬೆಳೆಯುವುದು: ಸೌತೆ, ಟೊಮೆಟೊ, ಬದನೆ, ಕುಂಬಳ, ಖರ್ಜೂರ. ಬೆಳೆಯದ್ದು: ಮಿಕ್ಕ ಲೋಕವೆಲ್ಲ. ಪಟ್ಟಿ ಸರಿಯಿದೆಯೇ ಎಂದು ಯಾವುದಾದರೂ ತೋಟದವರಿಗೆ ತೋರಿಸಿ ಬಾ ಎಂದರು. ಹಾಗೆ ಅವರ ಹತ್ತಿರ ಹೋದೆ.

ಅವರು ಕನ್ನಡಕ ಹಾಕಿಕೊಂಡು, ಪಟ್ಟಿಯನ್ನು ಎರಡು ಸಲ ಓದಿ, ನನ್ನ ಮುಖ ನೋಡಿದರು.

"ಇದು ನೀವು ಎಲ್ಲಿ ಕೂತು ಬರ್ದದ್ದು?"

ಆಫೀಸಿನಲ್ಲಿ ಎಂದೆ.

"ಅದೇ. ಇದ್ರಲ್ಲಿ ಒಂದು ಕಾಲಮ್ಮು ಕಮ್ಮಿ ಉಂಟು. ಆಗ್ತದೆ, ಆಗುದಿಲ್ಲ, ಮತ್ತೆ ಇನ್ನೊಂದು, ಹಾಕಿ ನೋಡ್ಲಿಲ್ಲ. ನಿಮ್ಮ ಆಗುದಿಲ್ಲ ಅಂತ ಇರುದ್ರಲ್ಲಿ ಮುಕ್ಕಾಲು ಪಾಲು ಯಾರೂ ಹಾಕಿ ನೋಡ್ಲಿಲ್ಲ ಮಾರಾಯ್ರೆ. ಆಗುದಿಲ್ಲ ಅಂತ ಬರಿಲಿಕ್ಕೆ ಮೂರು ಸರ್ತಿ ಹಾಕಿ ಸಾಯ್ಸಿರ್ಬೇಕು."

ನನಗೆ ಸಿಟ್ಟು ಬಂತು. ಅಷ್ಟು ದೂರ ಗಾಡಿ ಓಡಿಸಿಕೊಂಡು ಬಂದವನಿಗೆ ನೀರು ಕೂಡ ಕೊಡದೆ ಪಾಠ ಹೇಳುತ್ತಾರಲ್ಲ ಎಂದು. ಆಮೇಲೆ ನೀರೂ ಕೊಟ್ಟರು, ಊಟವನ್ನೂ ಕೊಟ್ಟರು. ತಟ್ಟೆಯ ಮೇಲೆ ಗೆರೆ ಎಳೆಯುವುದನ್ನು ಮೊದಲು ನೋಡಿದ್ದು ಆ ದಿನವೇ. ಅನ್ನ ಆ ಕಡೆ ಹೋಯಿತು, ಬೇಳೆ ಆ ಕಡೆ, ಒಗ್ಗರಣೆಯ ಎಣ್ಣೆ, ಸಾಸಿವೆ ಆ ಕಡೆ. ಈ ಕಡೆ ಉಳಿದದ್ದು ಬೆಂಡೆಕಾಯಿ ಪಲ್ಯ ಮತ್ತು ಕರಿಬೇವು. ನಮ್ಮ ಮೈಸೂರಿನಲ್ಲಾದರೆ ತಟ್ಟೆಯಲ್ಲಿರುವುದೆಲ್ಲ ನಮ್ಮದೇ ಎಂದು ನಾನು ಜಂಬ ಕೊಚ್ಚಿದೆ. ಸಾರಿಗೆ ಇಂಗು ಹಾಕುತ್ತೀರಲ್ಲ, ಅದು ಚಾಮುಂಡಿ ಬೆಟ್ಟದಲ್ಲಿ ಬೆಳೆಯುತ್ತದಾ ಎಂದು ಕೇಳಿದರು. ಇಂಗು ಬರುವುದು ಈ ಸಮುದ್ರದ ಆಚೆ ದಡದ ಇರಾನಿನ ಕಡೆಯಿಂದಂತೆ. ಹುಟ್ಟಿದಂದಿನಿಂದ ತಿನ್ನುತ್ತ ಬಂದದ್ದರ ಊರು ನನಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಉಂಡೆ.

ಇದು ಅವರಿಗೆ ಒಂದು ಗೀಳು. ಯಾವ ದೇಶದವರು ಸಿಕ್ಕಿದರೂ ನಿಮ್ಮಲ್ಲಿ ಏನು ಬೆಳೆಯುತ್ತದೆ, ಏನು ಬೆಳೆಯುವುದಿಲ್ಲ ಎಂದು ಕೇಳಲೇಬೇಕು. ಒಮ್ಮೆ ನಾನು ಹೋದಾಗ ಹಾಲೆಂಡಿನವನೊಬ್ಬ ಗಾಜಿನ ಮನೆ ಮಾರಲು ಬಂದಿದ್ದ. ಒಳಗೆ ತಂಪು ಮಾಡಿ ಸೌತೆ, ಟೊಮೆಟೊ, ದೊಣ್ಣೆಮೆಣಸು ಬೆಳೆಯುವ ದೊಡ್ಡ ಯೋಜನೆ. ಅರ್ಬಾಬನಿಗೆ ಆಗಲೇ ಆಸೆ ಹುಟ್ಟಿತ್ತು. ಇವರು ಆ ಮನುಷ್ಯನನ್ನು ನೆರಳಿನಲ್ಲಿ ಕೂರಿಸಿ, ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು, ನನ್ನನ್ನು ದುಭಾಷಿ ಮಾಡಿಕೊಂಡು ವಿಚಾರಣೆ ಶುರು ಮಾಡಿದರು. ಆಲೂಗಡ್ಡೆ, ಎಲೆಕೋಸು, ಗಜ್ಜರಿ, ಈರುಳ್ಳಿ, ಸೇಬು, ಹಾಲು ಎಲ್ಲ ಅವನ ದೇಶದಲ್ಲಿ ಧಾರಾಳ. ಅಕ್ಕಿ? ಇಲ್ಲ. ಚಹಾ? ಇಲ್ಲ. ಕಾಫಿ ಇಲ್ಲ, ಕರಿಮೆಣಸು ಇಲ್ಲ, ಬಾಳೆ ಇಲ್ಲ, ಕಿತ್ತಳೆ ಇಲ್ಲ, ಚಾಕೊಲೇಟಿನ ಕೋಕೊ ಇಲ್ಲ. ಇಲ್ಲ ಎನ್ನುವುದು ಹೆಚ್ಚಾದ ಹಾಗೆ ಇವರ ಮುಖ ಅರಳುತ್ತಿತ್ತು. ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವನು ಭುಜ ಕುಣಿಸಿ, ನಮ್ಮಲ್ಲಿ ಚೆನ್ನಾಗಿ ಬರುವುದನ್ನು ಬೆಳೆದು ಮಾರುತ್ತೇವೆ, ಬರದ್ದನ್ನು ಕೊಳ್ಳುತ್ತೇವೆ ಎಂದ. ಇವರಿಗೆ ಆ ಉತ್ತರ ಬಹಳ ಹಿಡಿಸಿತು. ಅವನು ಹೋದ ಮೇಲೆ ನನಗೆ ಹೇಳಿದರು: ನೋಡಿ, ಚಳಿ ದೇಶದವನು ತನ್ನ ಚಳಿಗೆ ಏನು ಬರುತ್ತದೆ ಎಂದು ನೋಡಿದ. ಇಲ್ಲಿಯವರು ಇಲ್ಲಿಯ ಸೆಕೆಗೆ ಏನು ಬರುತ್ತದೆ ಎಂದು ನೋಡುವುದು ಬಿಟ್ಟು ಅವನ ಚಳಿಯನ್ನೇ ಕೊಳ್ಳಲು ಹೊರಟಿದ್ದಾರೆ.

ಇದನ್ನು ಅವರು ಸುಮ್ಮನೆ ಹರಟೆಗೆ ಹೇಳಿದ್ದಲ್ಲ. ಹಿಂದೆ ಒಂದು ಕಷ್ಟ ಇತ್ತು.

ಈ ದೇಶದಲ್ಲಿ ತೋಟದ ಕೆಲಸ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಚಳಿಗಾಲದಲ್ಲಿ ಎಲೆಕೋಸು, ಹೂಕೋಸು, ಮೂಲಂಗಿ, ಏನು ಹಾಕಿದರೂ ಬರುತ್ತದೆ. ಜೂನ್ ಬಂತೆಂದರೆ ಖಲಾಸ್. ಬಹಳಷ್ಟು ತೋಟಗಳಲ್ಲಿ ಗೇಟಿಗೆ ಸರಪಳಿ ಬೀಳುತ್ತದೆ, ಆಳುಗಳನ್ನು ಊರಿಗೆ ಕಳಿಸುತ್ತಾರೆ. ನಾಲ್ಕು ತಿಂಗಳು ಸಂಬಳವಿಲ್ಲದ ರಜೆ. ಅವರ ತೋಟದಲ್ಲಿ ಆರು ಜನ ಇದ್ದರು, ನಾಲ್ವರು ಬಾಂಗ್ಲಾದವರು, ಇಬ್ಬರು ನೇಪಾಳದವರು. ಅವರಲ್ಲಿ ಹಿರಿಯ ರಫೀಕ್, ಹನ್ನೆರಡು ವರ್ಷದಿಂದ ಇವರ ಕೈಕೆಳಗೆ ಇದ್ದವನು. ಪ್ರತಿ ಬೇಸಿಗೆಯಲ್ಲಿ ಊರಿಗೆ ಹೋಗಿ, ಎಂಟು ತಿಂಗಳು ಉಳಿಸಿದ್ದನ್ನು ನಾಲ್ಕು ತಿಂಗಳು ಕೂತು ತಿಂದು, ಬರಿಗೈಯಲ್ಲಿ ಮತ್ತೆ ಬರುತ್ತಿದ್ದ. ಗಡಿ ಮುಚ್ಚಿದ ಮರುವರ್ಷ ಮಾರ್ಚಿನಲ್ಲಿ ಅರ್ಬಾಬ್ ಹೊಸ ಮಾತು ಹೇಳಿದ. ಈ ಸಲ ಹೋದವರು ವಾಪಸ್ಸು ಬರುವುದು ಬೇಡ. ಗಾಜಿನ ಮನೆ ಬಂದರೆ ಇಬ್ಬರು ಸಾಕು, ಅವರನ್ನು ಆ ಕಂಪನಿಯವರೇ ಕೊಡುತ್ತಾರೆ. ಇವರು ಹಠ ಹಿಡಿದರು. ಬೇಸಿಗೆಯಲ್ಲೂ ಮಾರಾಟವಾಗುವ ಬೆಳೆ ತೋರಿಸುತ್ತೇನೆ, ತೋರಿಸಿದರೆ ಆರೂ ಜನ ಉಳಿಯಬೇಕು ಎಂದರು. ಅರ್ಬಾಬ್ ಕೆಟ್ಟವನಲ್ಲ, ಒಪ್ಪಿದ. ಜೂನ್ ಕೊನೆಯವರೆಗೆ ಸಮಯ. ಆಗದಿದ್ದರೆ ಊರಿಗೆ ಆರು ಟಿಕೆಟ್.

ಅವರು ಆರಿಸಿಕೊಂಡದ್ದು ಬಸಳೆಯನ್ನು.

ಎಲ್ಲರೂ ಥರ್ಮಾಮೀಟರ್ ನೋಡಿ ಹೆದರುತ್ತಿದ್ದರೆ ಇವರು ನೋಡಿದ್ದು ಗಾಳಿಯ ಪಸೆಯನ್ನು. ಜುಲೈ, ಆಗಸ್ಟಿನಲ್ಲಿ ಸಮುದ್ರದಿಂದ ಬರುವ ಆ ಬೆವರುಗಾಳಿ ಇದೆಯಲ್ಲ, ಕನ್ನಡಕದ ಮೇಲೆ ನೀರು ಕಟ್ಟುತ್ತದಲ್ಲ, ಅದು ಮನುಷ್ಯನಿಗೆ ನರಕ, ಬಸಳೆಗೆ ಊರಿನ ಹವೆ ಎಂಬುದು ಅವರ ವಾದ. ಮೇಲೆ ಎರಡು ಪದರ ನೆರಳುಬಲೆ ಕಟ್ಟಿ ಉಪ್ಪಿಲ್ಲದ ನೀರು ಕೊಟ್ಟರೆ ಯಾಕೆ ಬರಬಾರದು? ಬಳ್ಳಿ ಎಲ್ಲಿಂದ ತರುವುದು ಎಂಬ ಪ್ರಶ್ನೆಗೂ ಉತ್ತರ ಹುಡುಕಿಟ್ಟುಕೊಂಡಿದ್ದರು. ನಜ್ಮಾದಲ್ಲಿ ನಮ್ಮ ಬೀದಿಯ ಕೊನೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬ ಅಕ್ಕ ಇದ್ದರು. ಅವರ ಬಾಲ್ಕನಿಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರನ್ನೇ ಕುಡಿದು, ಪೇಂಟಿನ ಡಬ್ಬಿಯಲ್ಲಿ ಬೆಳೆದು, ಗ್ರಿಲ್ ತುಂಬ ಹಬ್ಬಿದ ಒಂದು ಬಸಳೆ ಬಳ್ಳಿ ಇತ್ತು. ಇವರು ಹೋಗಿ ಆ ಅಕ್ಕನ ಕೈಯಲ್ಲಿ ಹನ್ನೊಂದು ತುಂಡು ಕೊಯ್ಯಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಯಿಂದ ಮನೆಗೆ ತರುವವರ ಹಾಗೆ ಮಡಿಲಲ್ಲಿ ಇಟ್ಟುಕೊಂಡು ನನ್ನ ಗಾಡಿಯಲ್ಲಿ ಕೂತರು. ಹನ್ನೊಂದು ನಲವತ್ತಾಯಿತು, ನಲವತ್ತು ಮುನ್ನೂರಾಯಿತು. ಜೂನ್ ಹೊತ್ತಿಗೆ ಹಳೆಯ ನೀರಿನ ಪೈಪುಗಳಿಂದ ಕಟ್ಟಿದ ಉದ್ದನೆಯ ಚಪ್ಪರದ ತುಂಬ ಬಸಳೆ. ಹೊರಗೆ ನೆಲ ಕೆಂಡದ ಹಾಗೆ, ಒಳಗೆ ಹಸಿರು ನೆರಳು. ರಫೀಕ್ ಅದನ್ನು ಕಂಡು ಇದು ನಮ್ಮ ಪುಯಿ ಶಾಕ್ ಅಲ್ಲವೇ ಎಂದು ಕುಣಿದಿದ್ದನಂತೆ. ಅವನ ಅಮ್ಮನೂ ಸಿಗಡಿ ಹಾಕಿಯೇ ಮಾಡುವುದು. ತೆಂಗಿನಕಾಯಿ ಅರೆದು ಹಾಕುವುದೋ ಬೇಡವೋ ಎಂದು ಇಬ್ಬರಿಗೂ ಒಂದು ವಾರ ಜಗಳ ನಡೆಯಿತು.

ಇನ್ನು ನನ್ನ ಘನಕಾರ್ಯ ಹೇಳಬೇಕು.

ಕಂಪನಿಯಿಂದ ಮೊದಲ ಆರ್ಡರ್ ಕೊಡಿಸಿದವನು ನಾನೇ. ಸೊಪ್ಪಿಗೆ ನಮ್ಮಲ್ಲಿ ಒಂದು ಫಾರ್ಮ್ ಇದೆ, ಎಲೆಯ ಅಳತೆ, ದಂಟಿನ ಅಳತೆ ಎಲ್ಲ ತುಂಬಬೇಕು. ಪಾಲಕ್ಕಿನ ಹಳೆಯ ಫಾರ್ಮ್ ತೆಗೆದು ಹೆಸರು ಬದಲಾಯಿಸಿ, 'ಎಲೆ ಮಾತ್ರ, ದಂಟು ತೆಗೆದಿರಬೇಕು' ಎಂದು ಇದ್ದದ್ದನ್ನು ಹಾಗೇ ಬಿಟ್ಟೆ. ನಮ್ಮ ಮನೆಯಲ್ಲಿ ಅಮ್ಮ ಬಸಳೆ ಎಲೆ ಬಿಡಿಸಿಕೊಂಡು ದಂಟನ್ನು ಹಸುವಿಗೆ ಹಾಕುತ್ತಿದ್ದಳು. ಜಗತ್ತೆಲ್ಲ ಹಾಗೇ ಎಂದುಕೊಂಡಿದ್ದೆ. ಅವರು ಫೋನ್ ಮಾಡಿ, ದಂಟು ಬೇಡವೇ, ಸರಿಯಾಗಿ ಕೇಳಿದ್ದೀರಾ ಎಂದರು. ದಂಟನ್ನು ಯಾರು ತಿನ್ನುತ್ತಾರೆ ಅಣ್ಣ, ಎಸೆಯುವುದೇ ತಾನೇ ಎಂದು ನಕ್ಕುಬಿಟ್ಟೆ. ಅವರು, ಸರಿ, ಗಿರಾಕಿ ನೀವು ಎಂದು ಫೋನಿಟ್ಟರು. ಕರಾವಳಿಯ ಮನುಷ್ಯನಿಗೆ ಬಸಳೆಯ ದಂಟು ಬೇಡ ಎನ್ನುವುದು ಮೀನು ಬೇಡ, ಸಾರು ಮಾತ್ರ ಕೊಡಿ ಎಂದ ಹಾಗೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಆರು ಜನ ಬೆಳಗಿನ ಜಾವ ಎದ್ದು ಅರ್ಧ ಚಪ್ಪರದ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಪೆಟ್ಟಿಗೆ ತುಂಬಿದರು. ದಂಟಿನಿಂದ ಬಿಡಿಸಿದ ಬಸಳೆ ಎಲೆ ಆ ಸೆಕೆಗೆ ಎಷ್ಟು ಹೊತ್ತು ತಾಳುತ್ತದೆ? ನಮ್ಮ ಗೋದಾಮಿನಲ್ಲಿ ಪೆಟ್ಟಿಗೆ ತೆರೆದಾಗ ಕಪ್ಪಾಗಿ, ಲೋಳೆಲೋಳೆಯಾಗಿ ಅಂಟಿಕೊಂಡಿತ್ತು. ಕ್ವಾಲಿಟಿಯವನು ಮೂಗು ಮುಚ್ಚಿಕೊಂಡು ಎಲ್ಲವನ್ನೂ ತಿರಸ್ಕರಿಸಿದ. ಗಾಡಿ ಹಾಗೇ ವಾಪಸ್ಸು.

ನಾನು ಸಂಜೆಯೇ ತೋಟಕ್ಕೆ ಓಡಿದೆ. ಅರ್ಬಾಬ್ ನನಗಿಂತ ಮೊದಲೇ ಬಂದು ನಿಂತಿದ್ದ. ಪೆಟ್ಟಿಗೆಗಳ ಮುಂದೆ ಆರೂ ಜನ ತಲೆ ತಗ್ಗಿಸಿಕೊಂಡು ನಿಂತಿದ್ದರು. ಇದು ಯಾರ ಕೆಲಸ ಎಂದು ಅರ್ಬಾಬ್ ಅರಬಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅವರು, ನನ್ನ ತಪ್ಪು ಎಂದುಬಿಟ್ಟರು. ಅಷ್ಟೇ, ಒಂದು ಅಕ್ಷರ ಹೆಚ್ಚು ಇಲ್ಲ. ಅರ್ಬಾಬ್ ಕೈಯ ಹತ್ತೂ ಬೆರಳು ಬಿಡಿಸಿ ತೋರಿಸಿದ. ಇನ್ನು ಹತ್ತು ದಿನ. ಗಾಡಿ ಹತ್ತಿ ಹೋದ.

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

"ನಿಮಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು ಮಾರಾಯ್ರೆ. ಗೊತ್ತಿದ್ದೂ ಕಿತ್ತದ್ದು ನಾನಲ್ವಾ? ಕಂಪನಿ ಆರ್ಡರು ಅಂತ ಹೆದ್ರಿದೆ. ಇನ್ನು ಹೆದ್ರುದಿಲ್ಲ. ನಾಡಿದ್ದು ಶುಕ್ರವಾರ ನಿಮಗೆ ರಜೆ ಅಲ್ವಾ, ಗಾಡಿ ತಕೊಂಡು ಬನ್ನಿ."

ಅಂದು ಅವರು ಬೇಸರ ಮಾಡಿಕೊಂಡು ಕೂತದ್ದನ್ನು ನಾನು ನೋಡಲಿಲ್ಲ. ಎಲೆ ಕಿತ್ತು ಬೋಳಾದ ದಂಟುಗಳನ್ನು ಆಡಿಗೆ ಹಾಕಲು ರಾಶಿ ಮಾಡಿದ್ದರು. ಇವರು ಕತ್ತಿ ತೆಗೆದು ಅವನ್ನು ಗೇಣುದ್ದಕ್ಕೆ ಕತ್ತರಿಸಿ, ಹೊಸ ಸಾಲು ತೆಗೆಸಿ, ಕತ್ತಲಾಗುವುದರೊಳಗೆ ಎಲ್ಲವನ್ನೂ ನೆಡಿಸಿದರು. ತಪ್ಪಿನಿಂದಲೇ ಇನ್ನೊಂದು ಚಪ್ಪರಕ್ಕೆ ಬೀಜ ಆಯಿತಲ್ಲ ಎಂದು ರಫೀಕನಿಗೆ ಹೇಳುತ್ತಿದ್ದರು. ನಾನೂ ಬೂಟು ಕಳಚಿ ನೆಟ್ಟೆ. ತಲೆಕೆಳಗಾಗಿ ನೆಡುತ್ತಿದ್ದೇನೆ ಎಂದು ರಫೀಕ್ ನಾಲ್ಕು ಸಲ ಕಿತ್ತು ತಿರುಗಿಸಿ ನೆಟ್ಟ.

ಶುಕ್ರವಾರ ಉಳಿದರ್ಧ ಚಪ್ಪರದ ಒಂದು ಬದಿಯಿಂದ ಅವರು ಕೊಯ್ದದ್ದು ಊರಿನ ರೀತಿಯಲ್ಲಿ. ಬೆರಳು ಗಾತ್ರದ ದಂಟು, ಎಲೆ, ತುದಿಯ ಕುಡಿ ಎಲ್ಲ ಸೇರಿ ಮಾರುದ್ದದ ಬಳ್ಳಿ; ಅದನ್ನು ಸಿಂಬೆಯ ಹಾಗೆ ಸುತ್ತಿ, ಖರ್ಜೂರದ ಗರಿಯ ನಾರಿನಿಂದ ಕಟ್ಟಿ, ಒದ್ದೆ ಗೋಣಿ ಹೊದಿಸಿದರು. ತೋಟದ ಗಾಡಿಗೆ ಮೆಸ್ಸು, ಹೋಟೆಲುಗಳಿಗೆ ಮಾಲು ಹಾಕುವ ಪರವಾನಗಿ ಇತ್ತು. ಅದು ಮುಂದೆ, ನನ್ನ ಗಾಡಿ ಹಿಂದೆ. ಬಾಲ್ಕನಿಯ ಅಕ್ಕ ಹಿಂದಿನ ದಿನವೇ ಮಂಗಳೂರಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದ್ದರು. ನಜ್ಮಾದಲ್ಲಿ ಅವರ ಪರಿಚಯದ ಹೋಟೆಲಿನ ಬಾಗಿಲಿಗೆ ನಾವು ಹೋಗುವುದರೊಳಗೆ ಲುಂಗಿ ಉಟ್ಟವರು, ನೈಟಿಯ ಮೇಲೆ ಶಾಲು ಹೊದ್ದವರು, ಮಕ್ಕಳು ಎಲ್ಲ ನಿಂತಿದ್ದರು. ಬ್ಯಾರಿ ಮುದುಕರೊಬ್ಬರು ಒಂದು ಸುತ್ತನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಬಿಡಲೇ ಇಲ್ಲ. ಅಲ್ಲಿಂದ ಇಂಡಸ್ಟ್ರಿಯಲ್ ಏರಿಯಾ. ಬಾಂಗ್ಲಾದವರ ಕ್ಯಾಂಪಿನ ಅಡುಗೆಮನೆಗೆ ರಫೀಕನೇ ನಡೆದು ಹೋಗಿ, ಎರಡು ತೋಳಿನ ತುಂಬ ಬಸಳೆ ಅಪ್ಪಿಕೊಂಡು ಅಡುಗೆಯವನ ಮುಂದೆ ಇಳಿಸಿದ. ಮಲಯಾಳಿಗಳ ಮೆಸ್ಸಿನಲ್ಲಿ ವಶಳ ಎಂದರು. ಫಿಲಿಪೀನಿನ ಹುಡುಗಿಯರ ಕ್ಯಾಂಟೀನಿನಲ್ಲಿ ಬೇರೇನೋ ಹೆಸರು ಹೇಳಿ, ಫೋನ್ ತೆಗೆದು ತಮ್ಮ ಊರಿನ ಬೇಲಿಯ ಚಿತ್ರ ತೋರಿಸಿದರು, ಬೇಲಿಯ ತುಂಬ ಇದೇ ಬಳ್ಳಿ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಾಡಿಯಲ್ಲಿ ಉಳಿದದ್ದು ಒದ್ದೆ ಗೋಣಿ ಮಾತ್ರ. ಒಬ್ಬರಾದರೂ ದಂಟು ಬೇಡ ಎನ್ನಲಿಲ್ಲ.

ಮಾರನೆಯ ದಿನ ನಾನು ಮ್ಯಾನೇಜರ್ ಎದುರು ಹೋಗಿ ಕೂತೆ. ನನ್ನ ಜನ್ಮದಲ್ಲಿ ಆಫೀಸಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ಫಾರ್ಮ್ ತಪ್ಪು ತುಂಬಿದ್ದು ನಾನು, ತೋಟದವರಲ್ಲ ಎಂದು ಬರೆದು ಕೊಟ್ಟೆ. ಮತ್ತೊಂದು ಸಲ ತರಿಸಿ, ದಂಟು ಸಮೇತ, ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಇಡಿ. ಹೋಗದಿದ್ದರೆ ಆಮೇಲೆ ನನ್ನನ್ನು ಕೇಳಿ ಎಂದೆ. ಅವರು ಗೊಣಗಿಕೊಂಡೇ ಒಂದು ಅಂಗಡಿಗೆ ಒಪ್ಪಿದರು. ಸೊಪ್ಪು ಇಳಿದ ದಿನ ಮಧ್ಯಾಹ್ನವೇ ಆ ಅಂಗಡಿಯವನು ಫೋನ್ ಮಾಡಿ ಇನ್ನೂ ಇದೆಯೇ ಎಂದು ಕೇಳಿದ. ವಾರದೊಳಗೆ ಐದು ಅಂಗಡಿಗೆ, ಬೇಸಿಗೆ ಮುಗಿಯುವವರೆಗಿನ ಆರ್ಡರ್ ಕೈಗೆ ಬಂತು.

ಹತ್ತನೆಯ ದಿನ ಅರ್ಬಾಬ್ ಬಂದ. ಫೋನಿನಲ್ಲಿ ಟಿಕೆಟಿನ ಏಜೆಂಟನ ನಂಬರು ತೆರೆದಿಟ್ಟುಕೊಂಡೇ ಬಂದಿದ್ದ. ಇವರು ಆರ್ಡರಿನ ಕಾಗದ ಕೊಟ್ಟರು. ಅವನು ಓದಿ, ಬಗ್ಗಿ ಚಪ್ಪರದೊಳಗೆ ಹೋಗಿ, ಒಂದು ಎಲೆ ಕಿತ್ತು ಹಸಿಯಾಗಿಯೇ ಅಗಿದ. ಲೋಳೆ ನಾಲಗೆಗೆ ತಾಗಿದ ಕೂಡಲೇ ಮುಖ ಹಿಂಡಿಕೊಂಡು ಉಗುಳಿ, ಇದನ್ನು ತಿನ್ನುವವರು ಯಾರಯ್ಯ ಎಂದು ಕೇಳಿದ. ಈ ಊರಿನಲ್ಲಿ ಇದನ್ನು ತಿನ್ನುವವರು ನಿಮಗಿಂತ ಜಾಸ್ತಿ ಇದ್ದಾರೆ ಬಾಬಾ ಎಂದು ಇವರು ತಮ್ಮ ಹರಕು ಅರಬಿಯಲ್ಲಿ ಹೇಳಿದರು. ಅರ್ಬಾಬ್ ಅವರನ್ನು ನೋಡಿದ, ಆರೂ ಜನರನ್ನು ನೋಡಿದ, ನನ್ನನ್ನೂ ನೋಡಿದ. ಆಮೇಲೆ ಹೊಟ್ಟೆ ಕುಣಿಸಿ ನಕ್ಕ.

"ಖಲಾಸ್," ಎಂದ. "ಟಿಕೆಟ್ ಮಾಫಿ." ಟಿಕೆಟ್ ಇಲ್ಲ, ಯಾರೂ ಹೋಗಬೇಕಾಗಿಲ್ಲ ಎಂದು.

ರಫೀಕ್ ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಇವರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಎದ್ದೇಳು, ನೀರು ಬಿಡುವ ಹೊತ್ತಾಯಿತು ಎಂದರು.

ಆಮೇಲಿನ ವರ್ಷಗಳಲ್ಲಿ ಅವರು ಏನೇನು ಹಾಕಿ ಸಾಯಿಸಿದರು ಎಂದು ಹೇಳಹೊರಟರೆ ಅದೇ ಒಂದು ಪುಸ್ತಕ. ಅರಿಶಿನ ಕೊಳೆಯಿತು. ಹಲಸಿನ ಸಸಿ ಮೊಣಕಾಲೆತ್ತರ ಬಂದು ಒಣಗಿತು. ಕರಿಮೆಣಸಿನ ಬಳ್ಳಿಯನ್ನು ಎರಡು ವರ್ಷ ಸಾಕಿದರು, ಒಂದು ಕಾಳೂ ಬಿಡಲಿಲ್ಲ. ಭತ್ತವನ್ನು ಟಬ್ಬಿನಲ್ಲಿ ಹಾಕಿದರೆ ತೆನೆ ಚೆನ್ನಾಗಿಯೇ ಬಂತು, ಒಳಗೆ ಬರೀ ಜೊಳ್ಳು. ಹೂ ಬಿಡುವಾಗಿನ ಸೆಕೆಗೆ ಕಾಳು ಕಟ್ಟುವುದಿಲ್ಲ. ಮೂರನೆಯ ಸಲವೂ ಜೊಳ್ಳಾದಾಗ ನನಗೆ ಫೋನ್ ಮಾಡಿ, ಮೈಸೂರಿನವ್ರೆ, ಅಕ್ಕಿಯನ್ನು ಆಗುದಿಲ್ಲ ಅಂತ ಬರ್ಕೊಳ್ಳಿ ಎಂದರು. ಧ್ವನಿಯಲ್ಲಿ ಸೋಲು ಇರಲಿಲ್ಲ. ಗೊತ್ತಾಯಿತಲ್ಲ ಎಂಬ ನೆಮ್ಮದಿ ಇತ್ತು. ಅಲಸಂಡೆ, ಸಿಹಿಗೆಣಸು, ನುಗ್ಗೆ ಬೇಸಿಗೆಯ ಸೆಕೆಗೂ ಬಂದವು. ಬಸಳೆ ಪ್ರತಿ ವರ್ಷ ಬಂತು. ಗಾಜಿನ ಮನೆ ಇವತ್ತಿಗೂ ಬರಲಿಲ್ಲ. ತೆಂಗಿನಕಾಯಿ ವಿಷಯಕ್ಕೆ ಮಾತ್ರ ಅವರು ಕೈ ಹಾಕಲಿಲ್ಲ. ಅದಕ್ಕೆ ಏಳೆಂಟು ವರ್ಷ ಬೇಕು, ನನ್ನ ವೀಸಾಕ್ಕೆ ಅಷ್ಟು ಆಯುಷ್ಯ ಇಲ್ಲ ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಅವರು ಪೂರ್ತಿ ಊರಿಗೆ ಹೋದರು. ಏರ್‌ಪೋರ್ಟಿಗೆ ಬಿಟ್ಟವನು ನಾನು. ದಾರಿಯುದ್ದಕ್ಕೂ ರಫೀಕನಿಗೆ ಗೊಬ್ಬರದ ಹಂಚಿಕೆ ಹೇಳುತ್ತಲೇ ಇದ್ದರು, ಫೋನಿನಲ್ಲಿ. ನನಗೆ ಹೇಳಿದ್ದು ಒಂದೇ ಮಾತು, ಈ ಹುಡುಗರ ಸೊಪ್ಪಿನ ಫಾರ್ಮನ್ನು ಯಾವಾಗಲೂ ನೀವೇ ಕೈಯಾರೆ ತುಂಬಿ ಎಂದು. ಅಷ್ಟು ಹೇಳಿ ನನ್ನ ಕೆನ್ನೆ ತಟ್ಟಿ ಒಳಗೆ ಹೋದರು. ನನಗೆ ಅಳು ಬಂತು, ಅವರು ತಿರುಗಿ ನೋಡಲಿಲ್ಲ.

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಅವರ ಮಗಳು ಊರಿನಿಂದ ಫೋನ್ ಮಾಡಿದಳು. ಎದೆನೋವು ಎಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ತೋಟದ ಹುಡುಗರಿಗೆ ನೀವೇ ಹೋಗಿ ಹೇಳಿ ಅಂಕಲ್, ಫೋನಿನಲ್ಲಿ ಬೇಡ ಎಂದಳು. ಇದನ್ನು ಹೇಳುವಾಗ ಅವಳ ಸ್ವರ ಅಪ್ಪನದೇ ಆಗಿತ್ತು. ಆಗಸ್ಟ್ ತಿಂಗಳು. ಹತ್ತು ಗಂಟೆಯ ಮೇಲೆ ಬಯಲಿನಲ್ಲಿ ಕೆಲಸ ಮಾಡುವಂತಿಲ್ಲ, ಕಾನೂನು. ಅದರೊಳಗೆ ಹೋಗಬೇಕೆಂದು ಮುಖ ತೊಳೆದವನೇ ಗಾಡಿ ಹತ್ತಿದೆ. ಉತ್ತರದ ರಸ್ತೆಯ ಎರಡೂ ಕಡೆ ತೋಟಗಳ ಗೇಟುಗಳಿಗೆ ಸರಪಳಿ. ಹರಿದ ನೆರಳುಬಲೆ, ಒಣಗಿದ ಸಾಲು, ಒಂದು ಆಳಿನ ಸುಳಿವಿಲ್ಲ. ದಾರಿಯಲ್ಲಿ ಹೇಗೆ ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ ಎಂದು ತಲೆ ಕೆಡಿಸಿಕೊಂಡಿದ್ದೆ. ಅಲ್ಲಿ ಮುಟ್ಟಿದಾಗ ಗೇಟು ತೆರೆದಿತ್ತು. ಕೊಯ್ಲು ನಡೆಯುತ್ತಿತ್ತು. ರಫೀಕ್ ನನ್ನ ಮುಖ ನೋಡಿದವನೇ ಕತ್ತಿ ಕೆಳಗಿಟ್ಟ. ದಾದಾ ಹೋದರು ಎಂದು ಹಿಂದಿಯಲ್ಲಿ ಹೇಳಿದೆ. ಒಬ್ಬೊಬ್ಬರಾಗಿ ಚಪ್ಪರದ ಕೆಳಗಿನಿಂದ ಬಗ್ಗಿಕೊಂಡು ಹೊರಗೆ ಬಂದು, ಕೈ ಒರೆಸಿಕೊಂಡು, ನನ್ನ ಸುತ್ತ ನಿಂತರು. ಕತಾರಿನಲ್ಲಿ, ಆಗಸ್ಟ್ ತಿಂಗಳಲ್ಲಿ, ಒಂದು ತೋಟದೊಳಗೆ ಅವರ ಸಾವಿನ ಸುದ್ದಿ ಕೇಳಲು ಆರು ಜನ ಇದ್ದರು.